ಮೈದುನನಿಗೆ ಹೇಳಿದ ಗುಟ್ಟು

ನಮ್ಮ ದೋಣಿ ಕ್ಲಬ್ಬಿನ ಚರಿತ್ರೆಯನ್ನು ಯಾರಾದರೂ ಬರೆಯುವ ಸಾಹಸ ಮಾಡಿದರೆ, ಒಂದು ಘಟನೆಗೆ ಇಡೀ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ: ಹೊಸ ಕೋಚ್ ಮೇಡಂ ಒಂದು ಬೆಳಿಗ್ಗೆ ದನಿ ತಗ್ಗಿಸಿ ಮಾತಾಡಿದರು.

ಅದಕ್ಕೂ ಮುಂಚೆ ಅಂಥದ್ದು ನಡೆದಿರಲಿಲ್ಲ. ಹಳೆಯ ಕೋಚು ದಂಡೆಯ ಮೇಲೆ ಸೈಕಲ್ ತುಳಿಯುತ್ತ, ದೋಣಿಯಲ್ಲಿದ್ದ ನಾಲ್ವರಿಗೂ ಸೇರಿಸಿ ಒಂದೇ ಬೈಗುಳ ಬೈಯುತ್ತಿದ್ದರು. ಅದರಲ್ಲಿ ಯಾರ ಪಾಲು ಎಷ್ಟೆಂದು ಯಾರೂ ಜಗಳವಾಡಿರಲಿಲ್ಲ. ಮೇಡಂ ಹಾಗಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಹುಟ್ಟು ಹಿಡಿಸಿ, ಮೆಲ್ಲಗೆ ಏನೋ ಹೇಳುವರು. ಆಮೇಲೆ ಸ್ಪ್ಯಾನರ್ ತೆಗೆದು, ಅವನು ಕಾಲು ಒತ್ತಿ ಕೂರುವ ಹಲಗೆಯನ್ನು ಅತ್ತಲೋ ಇತ್ತಲೋ ಸರಿಸುವರು.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ನಾಲ್ವರಲ್ಲಿ ಒಬ್ಬ ಮೇಡಂಗೆ ಮೈದುನನಾಗಬೇಕು. ಮೈಯೆಲ್ಲ ಕಾಲೇ ಆಗಿದ್ದ ಆಸಾಮಿ. ಎಲ್ಲರೂ ಕೊಕ್ಕರೆ ಅಂತಲೇ ಕರೆಯುವುದು.

ಅನುಮಾನ ಮೊದಲು ಹುಟ್ಟಿದ್ದು ಉಳಿದ ಮೂವರಲ್ಲಿ ಬೇಕರಿಯಣ್ಣನಿಗೆ. ಅವನಿಗೆ ಕಾರಣವೂ ಇತ್ತು. ಕ್ಲಬ್ಬು ದೊಡ್ಡ ಪಂದ್ಯಕ್ಕೆ ಕಳಿಸುವುದು ಒಂದೇ ದೋಣಿ. ಭಾನುವಾರ ಕ್ಲಬ್ಬಿನದೇ ಕಾಲೇಜು ಹುಡುಗರ ದೋಣಿಯ ಜೊತೆ ಪೈಪೋಟಿ, ಗೆದ್ದವರು ಹೋಗುವುದು. ಬರುವ ವರ್ಷ ಬೇಕರಿಯಣ್ಣ ವಯಸ್ಸಿನ ಮಿತಿ ದಾಟುತ್ತಾನೆ. ದೊಡ್ಡ ಪಂದ್ಯದ ನೀರನ್ನು ಅವನು ಇದುವರೆಗೆ ಮುಟ್ಟಿಲ್ಲ.

ಹುಟ್ಟು ಹಾಕುವವನಿಗೆ ಮುಂದೆ ಕೂತವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ವರ್ಷಗಟ್ಟಲೆ ಬೆನ್ನು ನೋಡಿದವನು ಯಾರನ್ನು ತಾನೇ ನಂಬಿಯಾನು?

"ನನಗೆ 'ಇನ್ನೂ ಚಾಚಿ, ಭುಜ ಬಿಟ್ಟು ಚಾಚಿ' ಅಂತಾರೆ," ಎಂದ ಬೇಕರಿಯಣ್ಣ, ಒಲೆಯ ಬಾಗಿಲು ಮುಚ್ಚುತ್ತ. "ನಿಮಗೇನಂದ್ರು ಮೇಷ್ಟ್ರೇ?"

ಗಣಿತದ ಮೇಷ್ಟ್ರು ಬನ್ನು ಮುರಿದರು. "ಕೊನೇಲಿ ಅವಸರ ಮಾಡ್ಬೇಡಿ ಅಂದ್ರು. ಚಾಚೋ ವಿಷಯವೇ ಎತ್ತಲಿಲ್ಲ."

"ನನಗೆ ಉಸಿರು ಬಿಡೋದು ಹೇಳ್ಕೊಟ್ರು," ಎಂದ ಪ್ಲಂಬರ್. "ಹುಟ್ಟಿದಾಗಿಂದ ಬಿಡ್ತಾ ಇದೀನಿ ಕಣಣ್ಣ!"

"ಒಂದೇ ದೋಣಿ, ಮೂರು ಪಾಠ. ಇದ್ರಲ್ಲಿ ಏನೋ ಮಸಲತ್ತಿದೆ," ಎಂದರು ಮೇಷ್ಟ್ರು. "ಸರಿ ಉತ್ತರ ಒಂದೇ ಇರೋದು. ಅದನ್ನ ಮನೆಯವನಿಗೆ ಹೇಳಿರ್ತಾರೆ."

ಮರುದಿನ ಕೊಕ್ಕರೆಗೆ ಬಿಸಿ ಬನ್ನಿನ ಉಪಚಾರ ನಡೆಯಿತು. ಅವನಿಗೆ ಗುಟ್ಟು ಮುಚ್ಚಿಡುವ ಅಭ್ಯಾಸವಿರಲಿಲ್ಲ. ಗುಟ್ಟು ಇದೆಯೆಂಬುದೇ ಗೊತ್ತಿರಲಿಲ್ಲ.

"ಅತ್ತಿಗೆನಾ? ಪೂರ್ತಿ ಚಾಚಬೇಡ, ಮುಕ್ಕಾಲಿಗೆ ನಿಲ್ಲಿಸು ಅಂದ್ರು. ಕಾಲಿನ ಹಲಗೆ ದೂರದ ಕೊನೇ ತೂತಿಗೆ ಹಾಕಿದಾರೆ. ಯಾಕಣ್ಣ?"

"ಏನಿಲ್ಲಪ್ಪ, ಸುಮ್ನೆ," ಎಂದ ಬೇಕರಿಯಣ್ಣ, ಇನ್ನೊಂದು ಬನ್ನು ಮುಂದಿಟ್ಟು.

ಕೊಕ್ಕರೆ ಹೋದ ಮೇಲೆ ಮೂವರೂ ಮುಖ ಮುಖ ನೋಡಿಕೊಂಡರು. ತನಗೆ ಚಾಚು, ಮೈದುನನಿಗೆ ಚಾಚಬೇಡ! ಬೇಕರಿಯಣ್ಣನಿಗೆ ಹೊಟ್ಟೆ ಉರಿಯಿತು, ಜೊತೆಗೆ ಒಂಥರಾ ಸಮಾಧಾನವೂ ಆಯಿತು. ಇಷ್ಟು ದಿನ ತಪ್ಪು ತನ್ನ ತೋಳಿನದಲ್ಲ ಎಂದಾಯಿತಲ್ಲ.

ಭಾನುವಾರ ಮೇಡಂ ದಂಡೆಯ ಆ ತುದಿಗೆ ಹೋದದ್ದೇ ತಡ, ಪ್ಲಂಬರ್ ತನ್ನದೇ ಸ್ಪ್ಯಾನರಿನಿಂದ ತಮ್ಮ ಮೂವರ ಹಲಗೆಗಳನ್ನೂ ಕೊನೇ ತೂತಿಗೆ ತಳ್ಳಿದ. ಕೊಕ್ಕರೆ ಆಚೆ ಕೈಕಾಲು ಝಾಡಿಸಿಕೊಳ್ಳುತ್ತಿದ್ದ.

ಸೀಟಿ ಮೊಳಗಿತು. ನಾಲ್ಕು ಹುಟ್ಟುಗಳೂ ಮುಕ್ಕಾಲಿಗೆ ಚಾಚಿದವು. ಕೊಕ್ಕರೆಯ ಮುಕ್ಕಾಲು ಉಳಿದವರ ಪೂರ್ತಿಗೆ ಸಮ. ಉಳಿದವರ ಮುಕ್ಕಾಲು ಯಾವುದಕ್ಕೂ ಸಮವಿರಲಿಲ್ಲ. ಹಲಗೆ ದೂರವಾದ್ದರಿಂದ ಬೇಕರಿಯಣ್ಣ ಕಾಲು ಎಟುಕಿಸಲು ಅದರತ್ತ ಮುಂದಕ್ಕೆ ಜಾರಿ ಕೂತಿದ್ದ. ಎಳೆದಾಗ ಹುಟ್ಟಿನ ಹಿಡಿ ದಾರಿ ಮುಗಿಯುವ ಮೊದಲೇ ಅವನ ಹೊಟ್ಟೆಗೆ ಗುದ್ದಿತು. ಮತ್ತೆ ಎಳೆದ, ಮತ್ತೆ ಗುದ್ದಿತು. ಮೂರನೆಯ ಸಲ ಹುಟ್ಟು ನೀರಲ್ಲಿ ಸಿಕ್ಕಿಬಿತ್ತು. ದೋಣಿ ವಾಲಿತು. ಕಾಲೇಜು ಹುಡುಗರು ಪಕ್ಕದಲ್ಲಿ ಹಾದು ಮುಂದೆ ಹೋದ ಮೇಲೆ ತಿರುಗಿ ನೋಡಿದರೆ, ಹಿಮ್ಮುಖವಾಗಿ ಕೂತಿದ್ದ ಅವರ ಬೆನ್ನಲ್ಲ, ಮುಖಗಳೇ ಕಂಡವು. ನಗುತ್ತಿದ್ದವು.

ದಡಕ್ಕೆ ಬಂದಾಗ ಮೇಡಂ ಬಗ್ಗಿ ಹಲಗೆಗಳನ್ನು ನೋಡಿದರು.

"ಯಾರು ಸರಿಸಿದ್ದು?"

"ನಿಮ್ಮ ಮೈದುನನಿಗೆ ಹೇಳಿದ್ದನ್ನೇ ಮಾಡಿದ್ವಿ," ಎಂದ ಬೇಕರಿಯಣ್ಣ, ಹೊಟ್ಟೆ ಹಿಡಿದುಕೊಂಡು. "ನಮಗೂ ಅದನ್ನೇ ಹೇಳಬಹುದಿತ್ತಲ್ಲ?"

ಮೇಡಂ ಅವನ ಕಾಲು ನೋಡಿದರು. ಕೊಕ್ಕರೆಯ ಕಾಲು ನೋಡಿದರು. "ಅವನು ಪೂರ್ತಿ ಚಾಚಿದ್ರೆ ನೀವ್ಯಾರೂ ಅವನ ಜೊತೆ ಸೇರೋಕಾಗಲ್ಲ. ಅದಕ್ಕೇ ಅವನನ್ನ ತಡೆದೆ, ನಿಮಗೆ ಚಾಚಿ ಅಂದೆ. ಬಂದು ಒಂದು ಮಾತು ಕೇಳೋಕೆ ಏನಾಗಿತ್ತು?"

ಬೇಕರಿಯಣ್ಣ ಸ್ಪ್ಯಾನರ್ ಇಸಿದುಕೊಂಡು ತನ್ನ ಹಲಗೆಯನ್ನು ಮೊದಲಿನ ತೂತಿಗೆ ತಂದ. ಪ್ಲಂಬರ್ ಉಸಿರು ಬಿಟ್ಟ.

ಆ ವರ್ಷ ದೊಡ್ಡ ಪಂದ್ಯಕ್ಕೆ ಕಾಲೇಜು ಹುಡುಗರ ದೋಣಿ ಹೋಯಿತು.