ಗುಡಿಯಂಗಳ ದಾಟಿದ ಚಿತ್ತಮ್ಮ

"ಏಯ್ ಚಿತ್ತೀ, ಮುದಿಗೊಡ್ಡೇ! ಮೊಮ್ಮಕ್ಕಳನ್ನ ಆಡ್ಸೋ ವಯಸ್ನಾಗೆ ಹೊರಗಾಗ್ತೀಯಲ್ಲೇ, ನಾಚ್ಕೆ ಆಗಲ್ವೇನೇ? ನಡಿ ಗುಡ್ಲಿಗೆ!"

ಗುಡಿಕಟ್ಟೆಯ ಮೇಲೆ ನಿಂತು ಪೂಜಾರಿ ಕರಿಸಿದ್ದಪ್ಪ ಕಿರುಚುತ್ತಿದ್ದ. ಕುರಿದೊಡ್ಡಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದ ನಮ್ಮತ್ತೆ ಚಿತ್ತಮ್ಮ ಪೊರಕೆ ಕೆಳಗಿಟ್ಟಳು. ಸೀರೆಯ ಹಿಂದೆ ಕಲೆಯಿತ್ತು.

ನಮ್ಮ ಹಟ್ಟಿಯಲ್ಲಿ ಮುಟ್ಟಾದವರು ಬೇಲಿಯಾಚೆಯ ಗುಡಿಸಲಲ್ಲಿರಬೇಕು. ಅತ್ತೆಗೆ ಮುಟ್ಟು ನಿಂತು ಆರು ವರ್ಷ. ಅಲ್ಲಿಂದೀಚೆಗೆ ಗುಡಿಯಂಗಳ ಸಾರಿಸುವವಳೂ ಅವಳೇ. ಮೂರು ತಿಂಗಳಿಂದ ಮತ್ತೆ ರಕ್ತ ಕಾಣಿಸುತ್ತಿತ್ತು. ಪ್ರತಿ ಸಲವೂ ಗುಡಿಸಲಿಗೆ ಅಟ್ಟಿದರು. ಯಾಕೆ ಬಂತೆಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳದೆ ದೂರದಿಂದ ಮುದ್ದೆ ಇಟ್ಟು ಬಂದೆ. ಆ ಸಂಕಟ ನನಗಿನ್ನೂ ಹೋಗಿಲ್ಲ.

ಹೋದ ಸಲ ಆಶಾ ಕಾರ್ಯಕರ್ತೆ ಮಮತಾ ಗುಡಿಸಲೊಳಗೇ ಹೋಗಿ ಕೂತು ಹೇಳಿದ್ದಳು: "ಚಿತ್ತಮ್ಮಾರೇ, ಇದು ಮುಟ್ಟಲ್ಲ. ನಿಂತು ಒಂದ್ ವರ್ಷ ಆದ್ಮೇಲೆ ಒಂದ್ ಹನಿ ಕಂಡ್ರೂ ಡಾಕ್ಟ್ರಿಗೆ ತೋರಿಸ್ಲೇಬೇಕು. ಸಣ್ಣ ತೊಂದ್ರೆನೇ ಇರ್ಬೋದು, ಗರ್ಭಕೋಶದ ಕ್ಯಾನ್ಸರೂ ಇರ್ಬೋದು. ಬೇಗ ಸಿಕ್ರೆ ವಾಸಿ ಮಾಡ್ತಾರೆ. ಇಲ್ಲಿ ಕುಂತ್ರೆ ಏನ್ ಗೊತ್ತಾಗ್ತೈತೆ?"

ಇವತ್ತು ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು. "ರಂಜೀ, ಆಧಾರ್ ಕಾರ್ಡ್ ತಗಾ. ಹಿರಿಯೂರು ಆಸ್ಪತ್ರೆಗೆ ಹೋಗಾಣ."

ಬಸ್ಸು ನಿಲ್ಲುವುದು ಗುಡಿಯಾಚೆ. ಹೊರಗಾದವರು ಜಾಲಿ ಬೇಲಿ ಸುತ್ತಿ ಹೋಗಬೇಕು. ಅತ್ತೆ ನೇರ ಅಂಗಳಕ್ಕೇ ಕಾಲಿಟ್ಟಳು.

"ಲೇ, ದ್ಯಾವ್ರು ಸುಟ್ಟಾಕ್ತಾನೆ! ಮುದ್ದಣ್ಣಾ, ಹಿಡ್ಕಳಲೇ ನಿನ್ ಹೆಂಡ್ತೀನ!"

ಮಾವ ಎರಡು ಹೆಜ್ಜೆ ಬಂದು ನಿಂತುಬಿಟ್ಟ. ಹೊರಗಾದವಳನ್ನು ಮುಟ್ಟುವಂತಿಲ್ಲ. ಹಟ್ಟಿಯ ಗಂಡಸರೆಲ್ಲ ನೋಡುತ್ತ ನಿಂತರು. ಅವರು ಮಾಡಿದ ಕಟ್ಟಳೆಯೇ ಅವರ ಕೈ ಕಟ್ಟಿತ್ತು.

ಅತ್ತೆಗೆ ಅದು ಹೊಳೆಯಿತು. ಜೋರಾಗಿ ನಕ್ಕಳು. "ಬಾರೋ ಪೂಜಾರಪ್ಪ, ಗಂಡ್ಸಾದ್ರೆ ಕೈ ಹಿಡ್ದು ನಿಲ್ಸು! ಮೂರ್ ತಿಂಗ್ಳು ನನ್ನ ಸಾವಿಗೆ ಕಾವಲು ಕುಂತಿದ್ಯಲ್ಲೋ ಬೇವರ್ಸಿ! ನಾನು ಸತ್ರೆ ನನ್ನ ಕುರಿ ನಿಮ್ಮಪ್ಪ ಕಾಯ್ತಾನೇನೋ?"

ಅವನು ಕೈಲಿದ್ದ ಕೋಲು ಎತ್ತಿದ. ಅತ್ತೆ ಅದರ ತುದಿಯನ್ನೇ ಹಿಡಿದಳು. ಕೆಂಡ ಮುಟ್ಟಿದವನಂತೆ ಅವನು ಕೋಲು ಬಿಟ್ಟು ಹಿಂದೆ ಸರಿದ.

ಅದನ್ನೇ ಊರಿಕೊಂಡು ಅವಳು ಬಸ್ಸಿನ ಕಡೆ ನಡೆದಳು. ತಾನೇ ಸಾರಿಸಿದ ಅಂಗಳದಲ್ಲಿ ಎರಡು ಹನಿ ರಕ್ತ ಬಿತ್ತು.

"ಅದನ್ನ ಸಾರಿಸಿ ಹೋಗೇ!" ಕರಿಸಿದ್ದಪ್ಪ ನನ್ನ ಮೇಲೆ ಕೂಗಿದ.

ಬಸ್ಸಿನ ಹಾರನ್ನು ಕೇಳಿಸಿತು. ಹನಿಗಳನ್ನು ದಾಟಿಕೊಂಡು ನಾನೂ ಓಡಿದೆ.