ಸಮಿತಿಯ ಇಬ್ಬರು

ಬೋಜ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಅಂಗಳದ ಕೆಳಗೆ ಕಾರು ನಿಂತಿತು. ಕಬಕದ ಹಂಚಿನ ಕಾರ್ಖಾನೆಯ ಧಣಿ ಗೌರೀಶಂಕರಯ್ಯನವರೇ ಬಂದಿದ್ದರು. ಒಳಗೆ ಮಲಗಿಸಿದ್ದ ಮಹಾಬಲ ಅಲ್ಲಿ ಇಪ್ಪತ್ತು ವರ್ಷ ಮಣ್ಣು ಹದ ಮಾಡಿದವನು. ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಿದ್ದ.

"ಎಂತ ಅವಸರ ಇತ್ತು ಮಾರಾಯ ಇವನಿಗೆ?" ಎನ್ನುತ್ತ ಧಣಿ ಚಪ್ಪಲಿ ಕಳಚಿದರು. "ಎಲ್ಲರೂ ಇಲ್ಲಿದ್ದೀರಿ, ಭಟ್ಟಿಯ ಬೆಂಕಿಗೆ ಯಾರು?"

"ಮಧ್ಯಾಹ್ನದ ಪಾಳಿ ಅಲಿ ಕುಂಞಿಯದ್ದು. ಈಗ ಹೊರಡ್ತಾನೆ," ಎಂದ ಬೋಜ.

"ಬೇಡ, ಬದಲಿ ಜನ ಕಳಿಸ್ತೇನೆ. ಸಾವಿಗೆ ರಜೆ ಕೊಡದಷ್ಟು ಕಟುಕನಾ ನಾನು? ಕೇಳಿದ್ರೆ ಯಾವತ್ತಾದ್ರೂ ಇಲ್ಲ ಅಂದದ್ದುಂಟಾ?"

ಸೌದೆ ಹೊತ್ತು ಬರುತ್ತಿದ್ದ ಅಲಿ ಕುಂಞಿ ಅಲ್ಲೇ ನಿಂತ.

* * *

ಎರಡು ವರ್ಷದ ಹಿಂದೆ, ೧೯೫೯ರಲ್ಲಿ, ಮಂಗಳೂರಿನಿಂದ ಬಂದ ಲೇಬರ್ ಆಫೀಸರು, ಜರ್ಮನಿಯಲ್ಲಿ ಕೆಲಸದವರೂ ಧಣಿಗಳ ಜೊತೆ ಕೂತು ಕಾರ್ಖಾನೆ ನಡೆಸುತ್ತಾರೆಂದು ಭಾಷಣ ಮಾಡಿ, ಇಲ್ಲಿಯೂ ಒಂದು ಸಮಿತಿ ಮಾಡಿಸಿದ್ದರು. ಕೆಲಸದವರ ಪರವಾಗಿ ಮಹಾಬಲ ಮತ್ತು ಬೋಜ. ಇಬ್ಬರೂ ಅದೇ ಧಣಿಯ ಒಕ್ಕಲುಗಳು, ಅವರು ಏಳೆಂದರೆ ಮನೆ ಬಿಡಬೇಕಾದವರು. ಆರಿಸಿದವರ ಬುದ್ಧಿಗೆ ಏನೆನ್ನಬೇಕು!

ಅಲಿ ಕುಂಞಿಯ ಹೆಂಡತಿ ಆಸ್ಯಮ್ಮ ಆಗ ದೂರದ ಜಾಲ್ಸೂರಿನ ತವರಿನಲ್ಲಿ ಹಾಸಿಗೆ ಹಿಡಿದಿದ್ದಳು. ಭಟ್ಟಿ ಉರಿಯುವಾಗ ಬೆಂಕಿಯವರು ಬಿಟ್ಟು ಹೋಗುವಂತಿರಲಿಲ್ಲ. "ಸಾವುಗೀವು ಆದ್ರೆ ಹೋಗ್ಲಿಕ್ಕೆ ಒಂದು ರಜೆ ಕೇಳಿ," ಎಂದು ಅವನು ಇಬ್ಬರಿಗೂ ಕೈಮುಗಿದಿದ್ದ.

ಸಭೆಯಲ್ಲಿ ಅವರಿಗೆಂದೇ ಎರಡು ಕುರ್ಚಿ ಹಾಕಿದ್ದರು. ಧಣಿಯ ಎದುರು ಕೂತು ಅಭ್ಯಾಸವಿಲ್ಲದ ಇಬ್ಬರೂ ಗೋಡೆಗೆ ಒತ್ತಿ ನಿಂತರು.

"ನಿಮ್ಮದು ಎಂತಾದ್ರೂ ಉಂಟಾ?" ಎಂದು ಧಣಿ ಕೇಳಿದರು.

ಮಹಾಬಲ ಬೋಜನ ಮುಖ ನೋಡಿದ. ಬೋಜ ನೆಲ ನೋಡಿದ.

"ಎಂತ ಇಲ್ಲ ಧಣಿಗಳೇ," ಎಂದ ಮಹಾಬಲ.

ಹೊರಗೆ ಬಂದು ಅಲಿ ಕುಂಞಿಗೆ, "ಕೇಳಿದ್ವು ಮಾರಾಯ, ಧಣಿಗಳು ಒಪ್ಪಲಿಲ್ಲ," ಎಂದು ಹೇಳಿದ್ದು ಬೋಜನೇ. ಮುಂದಿನ ತಿಂಗಳು ಆಸ್ಯಮ್ಮ ತೀರಿಕೊಂಡಳು. ಒಪ್ಪದ ಧಣಿಯ ಹತ್ತಿರ ಮತ್ತೆ ಕೇಳಿ ಏನು ಪ್ರಯೋಜನವೆಂದು ಅಲಿ ಕುಂಞಿ ಬೆಂಕಿಯ ಮುಂದೆಯೇ ಉಳಿದ. ಪಾಳಿ ಮುಗಿಸಿ ಅವನು ಜಾಲ್ಸೂರಿಗೆ ಮುಟ್ಟುವಾಗ ದಫನ ಮುಗಿದಿತ್ತು.

* * *

ಧಣಿ ಒಳಗೆ ಹೋದ ಮೇಲೆ ಅಲಿ ಕುಂಞಿ ಸೌದೆ ಇಳಿಸಿ ಬೋಜನ ಹತ್ತಿರ ಬಂದ.

"ನೀವು ಕೇಳಿಯೇ ಇರ್ಲಿಲ್ವಾ?"

ಬೋಜ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ. "ನಾನು ಕೇಳುವ ಅಂದೆ. ಮಹಾಬಲಣ್ಣನೇ ಬೇಡ ಅಂದದ್ದು."

ಸತ್ತವನ ಮೇಲೆ ತಪ್ಪು ಹೊರಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಅಲಿ ಕುಂಞಿ ಅಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ಆಸ್ಯಮ್ಮ ಹೋದಾಗಲೂ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಎಂಥ ಸ್ನೇಹ ಇತ್ತು ನೋಡಿ ಎಂದು ನೆಂಟರು ಮಾತಾಡಿಕೊಂಡರು. ಮಹಾಬಲನ ಹೆಂಡತಿ ಅಮ್ಮು ತನ್ನ ಅಳು ನಿಲ್ಲಿಸಿ, ಚೆಂಬಿನಲ್ಲಿ ನೀರು ತಂದಳು.

"ಅಳ್ಬೇಡಿ ಅಲಿಯಣ್ಣ. ಅವರಿಗೂ ನಿಮ್ಮ ಮೇಲೆ ತುಂಬಾ ಪ್ರೀತಿ ಇತ್ತು."

ಅಲಿ ಕುಂಞಿ ಈಗ ಎಲ್ಲ ಹೇಳಿಬಿಡುತ್ತಾನೆಂದು ಬೋಜ ಹಗ್ಗ ಕೆಳಗಿಟ್ಟ.

"ಹೌದಕ್ಕ," ಎಂದ ಅಲಿ ಕುಂಞಿ, ಬೋಜನ ಕಡೆ ತಿರುಗಿಯೂ ನೋಡದೆ ಚೆಂಬೆತ್ತಿ ನೀರು ಕುಡಿದ.