ಹಸಿರಿತ್ತೋ ಇಲ್ಲವೋ

ಸುಟ್ಟ ವಾಸನೆ ಮೊದಲು ಹತ್ತಿದ್ದು ಅಮ್ಮನಿಗೆ. ಕಿವಿ ಮಂದವಾದ ಮೇಲೆ ಆಕೆಯ ಮೂಗು ಚುರುಕಾಗಿತ್ತು. ಅಡುಗೆಮನೆಗೆ ಹೋಗಿ ಒಲೆ ನೋಡಿದಳು, ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡಿದಳು, ಕೊನೆಗೆ ಮೆಟ್ಟಿಲ ಕೆಳಗಿನ ಕಪಾಟಿನ ಮುಂದೆ ನಿಂತು ಮಗಳನ್ನು ಕರೆದಳು.

"ನಿನ್ನ ಗುಂಯ್‌ಗುಡೋದು ಸತ್ತಿದೆ ನೋಡು."

ಗುಂಯ್‌ಗುಡೋದು ಎಂದರೆ ಮನೆಯ ಸರ್ವರ್. ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ, ಒಳಗೆ ನಾಲ್ಕು ಡ್ರೈವ್‌ಗಳು. ಮನೆಯವರ ಫೋಟೋ, ವಿಡಿಯೋ, ಕಾಗದಪತ್ರ ಎಲ್ಲವೂ ಅದರಲ್ಲೇ. ಅಕ್ಕ ಕಪಾಟಿನ ಬಾಗಿಲು ತೆರೆದಳು. ದೀಪಗಳು ಆರಿದ್ದವು. ಬಟನ್ ಒತ್ತಿದಳು, ವೈರ್ ಕಿತ್ತು ಮತ್ತೆ ಚುಚ್ಚಿದಳು. ಉಸಿರಿಲ್ಲ. ತಿರುಗಿ ನೋಡಿದರೆ ತಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೇ ನಿಂತಿದ್ದ.

"ಅದೂ ಅದರಲ್ಲೇ ಇತ್ತಲ್ವಾ?" ಎಂದ.

"ಹೂಂ."

"ಬೇರೆ ಕಡೆ ಕಾಪಿ ಇಲ್ವಾ?"

"ಮಾಡಬೇಕು ಅಂತಾನೇ ಇದ್ದೆ," ಎಂದಳು ಅಕ್ಕ.

ತಮ್ಮ ಸಿಟಿ ಬಸ್ಸಿನ ಡ್ರೈವರ್. ಹಿಂದಿನ ತಿಂಗಳು ಒಂದು ಸಂಜೆ, ಆಸ್ಪತ್ರೆಯ ಹತ್ತಿರದ ಸಿಗ್ನಲ್ಲಿನಲ್ಲಿ, ಸೈಕಲ್ ಮೇಲೆ ಬರುತ್ತಿದ್ದ ಮುದುಕನೊಬ್ಬ ಅವನ ಬಸ್ಸಿಗೆ ಸಿಕ್ಕಿದ್ದ. ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು. ಬಸ್ಸು ಕೆಂಪು ದೀಪಕ್ಕೆ ನಿಲ್ಲದೆ ನುಗ್ಗಿತು ಎಂದು ಮುದುಕನ ಮಗಳು ದೂರು ಕೊಟ್ಟಳು. ಹಸಿರಿತ್ತು ಎಂದು ತಮ್ಮ ಹೇಳಿದ. ಸ್ವಂತ ದುಡ್ಡಿನಲ್ಲಿ ಕೊಂಡು ಗಾಜಿಗೆ ಅಂಟಿಸಿಕೊಂಡಿದ್ದ ಸಣ್ಣ ಕ್ಯಾಮೆರಾದಲ್ಲಿ ಎಲ್ಲಾ ಇದೆ, ಬೇಕಾದರೆ ನೋಡಿ ಎಂದೂ ಹೇಳಿದ. ಹಾಗಾದರೆ ಗುರುವಾರದ ವಿಚಾರಣೆಗೆ ತಗೊಂಡು ಬಾ ಎಂದರು ಡಿಪೋದವರು. ಕ್ಯಾಮೆರಾ ತನ್ನ ಕಾರ್ಡಿನ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗುವಂಥದ್ದು. ಹಾಗಾಗಿ ಉಳಿದಿದ್ದು, ಅಕ್ಕ ಅಂದೇ ಸರ್ವರಿಗೆ ಇಳಿಸಿಟ್ಟಿದ್ದ ಒಂದೇ ಪ್ರತಿ. ಅದನ್ನು ಅವನೂ ನೋಡಿರಲಿಲ್ಲ. ಆ ಸದ್ದು ಇನ್ನೊಮ್ಮೆ ಕೇಳೋ ಶಕ್ತಿ ನನಗಿಲ್ಲ, ನೀನೂ ನೋಡಬೇಡ ಎಂದು ಅಕ್ಕನ ಕೈ ಹಿಡಿದು ಕೇಳಿಕೊಂಡಿದ್ದ.

ರಿಪೇರಿ ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಕಪ್ಪಗಾಗಿದ್ದ ಬೋರ್ಡನ್ನು ಮೂಸಿ ನೋಡಿ ಕೆಳಗಿಟ್ಟ.

"ಇದರ ಕಥೆ ಮುಗೀತು. ಡ್ರೈವ್‌ಗಳು ಚೆನ್ನಾಗಿದ್ರೂ ಇರಬಹುದು. ಇದೇ ಕಂಪನಿಯ ಹೊಸ ಪೆಟ್ಟಿಗೆ ತಗೊಂಡು ಅದಕ್ಕೆ ಹಾಕಿ. ಯಾವುದು ಯಾವ ಗೂಡಲ್ಲಿತ್ತೋ ಅಲ್ಲಿಗೇ ಹೋಗಬೇಕು. ಆನ್ ಮಾಡಿದಾಗ ಅದೊಂದು ಪ್ರಶ್ನೆ ಕೇಳುತ್ತೆ. ಹಳೇದನ್ನ ಹಾಗೇ ತಗೊಳ್ಳಲಾ, ಇಲ್ಲ ಹೊಸದಾಗಿ ಶುರು ಮಾಡಲಾ ಅಂತ. ಹೊಸದಾಗಿ ಅಂದ್ರೋ, ಎಲ್ಲಾ ಗುಡಿಸಿ ಹಾಕಿಬಿಡುತ್ತೆ. ಆಮೇಲೆ ನನ್ನ ಹತ್ರ ಬಂದು ಅತ್ತರೆ ಟಿಶ್ಯೂ ಮಾತ್ರ ಕೊಡಬಲ್ಲೆ."

ಭಾನುವಾರ ಬೆಳಿಗ್ಗೆ ಅಕ್ಕ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಕಟ್ಟುಹಲ್ಲು ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರ ವಸಡು ಹುಣ್ಣಾಗುತ್ತದೆ. ಆದ್ದರಿಂದ ಅವಳ ಕೈ ನಡುಗುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ಆ ಬೆಳಿಗ್ಗೆ ಮೊದಲ ಡ್ರೈವ್ ಎಳೆಯುವಾಗಲೇ ಬೆರಳು ಬೆವರಿ ಜಾರಿತು. ಲೋಹದ ಆ ಚಪ್ಪಟೆ ಇಟ್ಟಿಗೆ ಮೇಜಿನ ಅಂಚಿಗೆ ಸಣ್ಣಗೆ ತಾಗಿತು. ಠಕ್ ಅಂತ ಅಷ್ಟೇ. ತಮ್ಮ ಬಾಗಿಲ ಹತ್ತಿರ ಕಣ್ಣು ಮುಚ್ಚಿಕೊಂಡ.

"ಏನಾಗಿಲ್ಲ," ಎಂದಳು. ಆಗಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಒಂದೊಂದರ ಮೇಲೂ ಪಟ್ಟಿ ಅಂಟಿಸಿ ಅಂಕೆ ಬರೆದಳು. ಬರೆದದ್ದನ್ನು ತಮ್ಮನಿಂದ ಓದಿಸಿದಳು. ಡ್ರೈವ್ ಹಿಡಿದಿದ್ದ ಹಳೆಯ ತಟ್ಟೆಯ ಸ್ಕ್ರೂ ಬಿಚ್ಚಿ, ಹೊಸ ತಟ್ಟೆಗೆ ಕೂರಿಸಿ, ಹೊಸ ಪೆಟ್ಟಿಗೆಯ ಗೂಡಿಗೆ ಸರಿಸಿದಳು. ಎದುರು ಮನೆಯಲ್ಲಿ ಯಾರೋ ಕಾರು ತೊಳೆಯುತ್ತಾ ರೇಡಿಯೋ ಹಾಕಿಕೊಂಡಿದ್ದರು. ಪ್ರಪಂಚ ತನ್ನ ಪಾಡಿಗೆ ತಾನಿತ್ತು.

ಆನ್ ಮಾಡಿದಾಗ ಫ್ಯಾನ್ ತಿರುಗಿತು. ಮೂರು ನೀಲಿ ದೀಪ ಹತ್ತಿದವು. ಮೂರನೇ ಗೂಡಿನದು ಮಾತ್ರ ಹತ್ತಲಿಲ್ಲ. ಅದರೊಳಗಿಂದ ಉಗುರಿನಲ್ಲಿ ತಗಡು ಕೆರೆದಂತೆ ಸದ್ದು ಬಂತು. ನಿಂತಿತು. ಮತ್ತೆ ಬಂತು.

ಅಕ್ಕ ಗಬಕ್ಕನೆ ಆಫ್ ಮಾಡಿದಳು. ಮೇಜಿಗೆ ತಾಗಿದ್ದು ಇದೇನಾ? ಅಲ್ಲ, ಅದು ಮೊದಲನೆಯದು. ಅಥವಾ ಅಂಕೆ ಬರೆಯುವಾಗಲೇ ಅದಲುಬದಲಾಯಿತೇ? ಒಂದು ಹೋದರೂ ಉಳಿದವು ಕಾಪಾಡುತ್ತವೆ ಎಂದು ಅಂಗಡಿಯವನು ಹೇಳಿದ್ದ. ಎರಡು ಹೋದರೆ ಏನು ಎಂದು ಅವಳು ಕೇಳಿರಲಿಲ್ಲ. ಮೂರನೆಯದನ್ನು ಎಳೆದು ಬೆಳಕಿಗೆ ಹಿಡಿದಳು. ತಟ್ಟೆಯ ಒಂದು ಸ್ಕ್ರೂ ಪೂರ್ತಿ ಇಳಿಯದೆ ತಲೆ ಎತ್ತಿಕೊಂಡಿತ್ತು. ಡ್ರೈವ್ ಓರೆಯಾಗಿ ಕೂತು, ಹಿಂದಿನ ಹಲ್ಲುಗಳಿಗೆ ಅರ್ಧ ಮಾತ್ರ ಕಚ್ಚಿಕೊಂಡಿರಬೇಕು. ಬಿಗಿ ಮಾಡಿ ಮತ್ತೆ ಸರಿಸಿದಳು. ಈ ಸಲ ನಾಲ್ಕೂ ದೀಪ ಹತ್ತಿ ನಿಂತವು. ಲ್ಯಾಪ್‌ಟಾಪಿನ ಪರದೆಯ ಮೇಲೆ ಪ್ರಶ್ನೆ ಬಂತು: ಹಳೆಯ ಮಾಹಿತಿ ಸಿಕ್ಕಿದೆ. ಒಂದು ಬಟನ್ ಉಳಿಸಿಕೊಳ್ಳಲು, ಇನ್ನೊಂದು ಹೊಸದಾಗಿ ಶುರು ಮಾಡಲು. ಎರಡೂ ಒಂದೇ ಗಾತ್ರ, ಅಕ್ಕಪಕ್ಕ.

"ಸಿಕ್ತು ಕಣೋ," ಎಂದಳು ಅಕ್ಕ. ನಗು ಬರುವುದರಲ್ಲಿತ್ತು.

ತಮ್ಮ ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡ. ತುಂಬಾ ಹೊತ್ತು ಪರದೆ ನೋಡಿದ.

"ಅಕ್ಕಾ, ಆ ಇನ್ನೊಂದು ಒತ್ತಿಬಿಡು."

ಅವಳು ತಪ್ಪು ಕೇಳಿಸಿಕೊಂಡೆ ಅಂದುಕೊಂಡಳು.

"ಮೆಷಿನ್ ಸುಟ್ಟುಹೋಯ್ತು ಅಂತ ಹೇಳಿದ್ರಾಯ್ತು. ಸುಳ್ಳಲ್ವಲ್ಲ. ಅಂಗಡಿಯವನೇ ಸಾಕ್ಷಿ."

"ಹಸಿರಿತ್ತು ಅಂದೆಯಲ್ಲೋ."

"ಅಂದೆ. ಪೊಲೀಸರಿಗೆ ಅಂದೆ, ಡಿಪೋದಲ್ಲಿ ಅಂದೆ, ಅಮ್ಮನಿಗೆ ಅಂದೆ. ಅಂದೂ ಅಂದೂ ಈಗ ಕಣ್ಣು ಮುಚ್ಚಿದ್ರೆ ಹಸಿರೇ ಕಾಣುತ್ತೆ. ನೋಡಿದ್ದು ಕಾಣ್ತಿದೆಯೋ, ಹೇಳಿದ್ದು ಕಾಣ್ತಿದೆಯೋ ನನಗೆ ಗೊತ್ತಾಗ್ತಿಲ್ಲ." ಅವನ ದನಿ ಸಣ್ಣದಾಗಿತ್ತು. "ಕೆಂಪಿದ್ರೆ ನಾನು ಏನು ಮಾಡಲಿ?"

ಡ್ರೈವ್ ಹಾಳಾದೀತು ಎಂಬ ಹೆದರಿಕೆ ಇಷ್ಟು ದಿನ ಅಕ್ಕನಿಗಿತ್ತು. ಈಗ ಅದು ಚೆನ್ನಾಗಿದೆ ಎಂಬುದೇ ಹೆದರಿಕೆಯಾಯಿತು. ಇವನ ಕೆಲಸ ಹೋಗುವುದು, ಜೈಲು, ಅಮ್ಮನ ಮುಖ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂದು ಬೆರಳು ಒತ್ತಿದರೆ ಅಷ್ಟೂ ಮಾಯ. ತನಗೂ ಹಾಗೆ ಅನ್ನಿಸಿತಲ್ಲ ಎಂದುಕೊಂಡಳು. ಮೌಸಿನಿಂದ ಕೈ ತೆಗೆದು ಎದ್ದಳು.

"ನನ್ನ ಕೈಲಿ ಎರಡೂ ಆಗಲ್ಲ. ನೀನೇ ಕೂತ್ಕೋ."

ಅವನು ಕೂತ. ಅಷ್ಟರಲ್ಲಿ ಅಮ್ಮ ಚಹಾ ಲೋಟಗಳನ್ನು ಹಿಡಿದು ಒಳಗೆ ಬಂದಳು. ಇವರಿಬ್ಬರ ಮಾತು ಒಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಅದರ ನಡುಕ ನೋಡಿದಳು.

"ಬದುಕ್ತಾ? ನಿಮ್ಮಪ್ಪನ ಫೋಟೋಗಳೆಲ್ಲ ಇದೆ ತಾನೇ ಇದರಲ್ಲಿ? ಆಸ್ಪತ್ರೆಗೆ ಹೋಗೋಕೆ ಮುಂಚೆ ತೆಗೆದಿದ್ದು, ಟೋಪಿ ಹಾಕ್ಕೊಂಡಿರೋದು?"

"ಇದೆ ಅಮ್ಮ," ಎಂದ ತಮ್ಮ ಜೋರಾಗಿ. ಎಂದವನೇ ಉಳಿಸಿಕೊಳ್ಳುವ ಬಟನ್ ಒತ್ತಿದ.

ಅಮ್ಮ ಹೋದ ಮೇಲೆ ಹಣೆ ಒರೆಸಿಕೊಂಡ. "ನಾನೇನೂ ದೊಡ್ಡ ಮನುಷ್ಯ ಅಲ್ಲ. ಅಪ್ಪನ ಫೋಟೋಗೆ ಒತ್ತಿದ್ದು."

"ಗೊತ್ತು," ಎಂದಳು ಅಕ್ಕ.

ಪೆಟ್ಟಿಗೆ ತನ್ನ ಕೆಲಸ ಮುಗಿಸಿತು. ಫೋಲ್ಡರುಗಳು ಒಂದೊಂದಾಗಿ ಮೂಡಿದವು. ಆ ದಿನದ್ದೂ ಇತ್ತು. ಅಳಿಸಲು ಈಗಲೂ ದಾರಿಯಿತ್ತು; ಅದು ಇಬ್ಬರಿಗೂ ಗೊತ್ತಿತ್ತು. ತಮ್ಮ ಅಕ್ಕನ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ವಿಡಿಯೋ ತೆರೆದ.

ಸಂಜೆಯ ರಸ್ತೆ. ಬಸ್ಸಿನೊಳಗೆ ಯಾರೋ ಫೋನಿನಲ್ಲಿ ಜಗಳವಾಡುತ್ತಿದ್ದರು. ತಮ್ಮ ಏನನ್ನೋ ಗುನುಗುತ್ತಿದ್ದ. ದೂರದಲ್ಲಿ ಸಿಗ್ನಲ್ ಹಸಿರು. ಹತ್ತಿರ ಬಂದಂತೆ ಹಸಿರು. ಆಮೇಲೆ ಹಳದಿಯಾಯಿತು. ನಿಲ್ಲಿಸಲು ಜಾಗವಿತ್ತು, ಬೇಕಾದಷ್ಟಲ್ಲ, ಆದರೆ ಇತ್ತು. ಬಸ್ಸು ನಿಧಾನವಾಗಲಿಲ್ಲ. ಎಡಗಡೆಯಿಂದ ಸೈಕಲ್, ತನ್ನ ದೀಪ ಹಸಿರಾಗುವ ಮೊದಲೇ ಹೊರಟಿದ್ದು, ಗಾಜಿನ ಅಂಚಿನಲ್ಲಿ ಕಂಡಿತು. ಆ ಸದ್ದು ಬಂತು. ಅಕ್ಕನ ಮಣಿಕಟ್ಟು ನೋಯತೊಡಗಿತು; ಅವಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಬಾಗಿಲು ತೆರೆದ ಸದ್ದು, ಓಡಿದ ಹೆಜ್ಜೆ. ಚಿತ್ರದಲ್ಲಿ ಖಾಲಿ ರಸ್ತೆ ಮಾತ್ರ. ದನಿ ಹೊರಗಿನಿಂದ ಬರುತ್ತಿತ್ತು: "ಅಜ್ಜಾ, ಅಲ್ಲಾಡಬೇಡಿ. ನಾನಿಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ. ಇಲ್ಲೇ ಇದ್ದೀನಿ."

"ಇದು ಯಾರು?" ಎಂದ ತಮ್ಮ.

"ನೀನೇ."

"ನನಗೆ ನೆನಪೇ ಇಲ್ಲ," ಎಂದು ಮೇಜಿನ ಮೇಲೆ ತಲೆಯಿಟ್ಟ.

ಗುರುವಾರ ಅವನು ಅದನ್ನು ತೆಗೆದುಕೊಂಡು ಹೋದ. ಹಸಿರಿತ್ತು ಅಂದಿದ್ದೆ, ಹಳದಿಯಾಗಿತ್ತು, ನಿಲ್ಲಿಸಬಹುದಿತ್ತು ಎಂದು ವಿಡಿಯೋ ಹಾಕುವ ಮೊದಲೇ ಹೇಳಿದ. ಮುದುಕನ ಮಗಳು ತುಟಿ ಬಿಗಿಹಿಡಿದು ನೋಡಿದಳು. ಕೊನೆಯ ಭಾಗ ಇನ್ನೊಮ್ಮೆ ಹಾಕಿ ಎಂದಳು. ಹಾಕಿದರು. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ; ಕೆಂಪು ಅಂತ ನಾನು ಬರೆದಿದ್ದೆ, ಅದನ್ನ ಹಳದಿ ಅಂತ ತಿದ್ದಿಕೊಳ್ಳಿ ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟಳು.

ಅವನನ್ನು ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಬಸ್ಸು ತೊಳೆಯುವ ಕಡೆಗೆ ಹಾಕಿದರು. ಕೆಲವು ತಿಂಗಳು ಒದ್ದೆ ಪ್ಯಾಂಟಿನಲ್ಲೇ ಮನೆಗೆ ಬಂದ. ಮುದುಕ ಕೋಲು ಹಿಡಿದು ನಡೆಯತೊಡಗಿದ್ದಾನೆ ಎಂಬ ಸುದ್ದಿಯನ್ನು ಅವನೇ ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದ. ನೋಡಲು ಹೋಗುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಬಸ್ಸು ಮತ್ತೆ ಕೈಗೆ ಬಂದ ಮೊದಲ ದಿನ, ಅಕ್ಕ ಲ್ಯಾಬಿಗೆ ಹೋಗುವ ದಾರಿ ಅದಲ್ಲದಿದ್ದರೂ, ಅದೇ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತಳು. ಅವನ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುತ್ತಿತ್ತು. ಎಂಜಿನ್ ಶುರುವಾಗಿತ್ತು, ಬಸ್ಸು ಕದಲಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು, "ಡ್ರೈವರೇ, ಇವತ್ತೇ ಹೊರಡ್ತೀವಾ?" ಎಂದು ಕೇಳಿದಳು. ಒಂದಿಬ್ಬರು ನಕ್ಕರು.

"ಹೊರಟೆ ಅಮ್ಮಾ," ಎಂದ ಅವನು. ಎರಡೂ ಕನ್ನಡಿ ನೋಡಿದ, ಇನ್ನೊಂದು ಸಲ ನೋಡಿದ, ನಿಧಾನವಾಗಿ ಬ್ರೇಕ್ ಬಿಟ್ಟ.